ಎಂ.ಬಿ.ಎ. ಮೊಮ್ಮಗನ ಎಣ್ಣೆಗೈ

ಮಕ್ಕಳೇ, ಹೋದ ತಿಂಗಳು ಒಂದು ರಾತ್ರಿ ನನ್ನ ಮೊಮ್ಮಗನ ಫೋನು ಬಂತು. ಎಂ.ಬಿ.ಎ. ಮುಗಿಸಿ ಕಾರು ಕಂಪನಿಯೊಂದನ್ನು ಸೇರಿದವನು. ದೊಡ್ಡ ಕಚೇರಿಯಲ್ಲಿ ಕೂರಿಸುತ್ತಾರೆಂದು ಹೊಸ ಟೈ ಕೊಂಡಿದ್ದ. ಅವರೋ ಮೊದಲ ಮೂರು ತಿಂಗಳು ಸರ್ವೀಸ್ ಸೆಂಟರಿಗೆ ಕಳಿಸಿಬಿಟ್ಟರು.

“ತಾತಾ, ಇದಕ್ಕೇನಾ ಅಷ್ಟು ಸಾಲ ಮಾಡಿ ಓದಿದ್ದು? ಕೈಯೆಲ್ಲ ಎಣ್ಣೆ, ದಿನವಿಡೀ ಗಿರಾಕಿಗಳ ಬೈಗುಳ. ಬಿಟ್ಟುಬಿಡ್ತೀನಿ,” ಎಂದ. ದನಿ ನಡುಗುತ್ತಿತ್ತು.

ಬೇಡ ಎನ್ನಲಿಲ್ಲ. ಮೇರಿ ಬಾರಾ ಅವರ ಕಥೆ ಹೇಳಿದೆ. ನೀವೂ ಕೇಳಿ.

ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಅವರ ಅಪ್ಪ ಅಚ್ಚು ತಯಾರಿಸುವ ಕೆಲಸಗಾರ. 39 ವರ್ಷ ದುಡಿದರು. ಮಗಳು 1980ರಲ್ಲಿ, 18ನೇ ವಯಸ್ಸಿಗೆ, ಓದಿನ ಖರ್ಚಿಗಾಗಿ ಅದೇ ಕಂಪನಿ ಸೇರಿದರು. ಕಾರಿನ ಬಾನೆಟ್ಟು, ಮಡ್‌ಗಾರ್ಡು ಸರಿಯಾಗಿವೆಯೇ ಎಂದು ನೋಡುವ ಕೆಲಸ. ಎಂಜಿನಿಯರಿಂಗ್ ಮುಗಿಸಿದ ಮೇಲೆ ಕಂಪನಿಯೇ ಸ್ಟ್ಯಾನ್‌ಫರ್ಡಿಗೆ ಕಳಿಸಿತು, 1990ರಲ್ಲಿ ಎಂ.ಬಿ.ಎ. ಆಯಿತು. 2014ರ ಜನವರಿಯಲ್ಲಿ ಇಡೀ ಕಂಪನಿಗೆ ಮುಖ್ಯಸ್ಥೆಯಾದರು.

ಕೆಲವೇ ವಾರಗಳಲ್ಲಿ ಸಿಡಿಲು ಬಡಿಯಿತು. ಹಳೆಯ ಲಕ್ಷಾಂತರ ಕಾರುಗಳಲ್ಲಿ ಕೀಲಿ ತಿರುಗಿಸುವ ಸ್ವಿಚ್ಚು ಸಡಿಲವಿತ್ತು. ಓಡುತ್ತಿರುವಾಗಲೇ ಎಂಜಿನ್ ನಿಲ್ಲುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗ್ ಬಿಚ್ಚುತ್ತಿರಲಿಲ್ಲ. 124 ಸಾವುಗಳಿಗೆ ಕಂಪನಿ ಪರಿಹಾರ ಕೊಡಬೇಕಾಯಿತು. ಅಂಗೈಯಲ್ಲಿ ಹಿಡಿಸುವ ಭಾಗ ಅದು! ಒಳಗಿನ ಕೆಲವರಿಗೆ ವರ್ಷಗಳ ಹಿಂದೆಯೇ ಗೊತ್ತಿತ್ತು. ‘ಅದು ನನ್ನ ಕೆಲಸವಲ್ಲ’ ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತ ಕೂತಿದ್ದರು. ಬಾರಾ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. 15 ಮಂದಿಯನ್ನು ಕೆಲಸದಿಂದ ತೆಗೆದರು.

“ನೋಡಪ್ಪಾ, ಲೆಕ್ಕದ ಪುಸ್ತಕದಲ್ಲಿ ಅದು ಬರೀ ಒಂದು ಸ್ವಿಚ್ಚು. ಮನೆಯವರಿಗೆ ಅದು ಮಗ, ಮಗಳು. ಬೈಯುವವರು ಏನು ಹೇಳ್ತಿದ್ದಾರೆ ಅಂತ ಒಂದು ವಾರ ಬರೆದಿಟ್ಟುಕೋ. ಆಮೇಲೆ ಬಿಡೋದಾದರೆ ಬಿಡು,” ಎಂದೆ.

ಮೊನ್ನೆ ಭಾನುವಾರ ಬಂದಿದ್ದ. ಉಗುರಿನ ಸಂದಿಯಲ್ಲಿ ಕಪ್ಪು. ನಿವೃತ್ತ ಮೇಷ್ಟ್ರೊಬ್ಬರು ಬ್ರೇಕಿನ ಸದ್ದೆಂದು ಮೂರನೇ ಸಲ ಬಂದಿದ್ದರಂತೆ. ಪ್ರತಿಸಲವೂ ‘ಸರಿಯಾಗಿದೆ’ ಎಂದು ಬರೆದು ಕಳಿಸಿದ್ದರು. ಇವನು ಮೆಕ್ಯಾನಿಕ್ ಜೊತೆ ತಾನೂ ಕಾರಿನಡಿ ಮಲಗಿ ನೋಡಿದ. ಬ್ರೇಕಿನ ಒಂದು ಬೋಲ್ಟು ಸಡಿಲವಾಗಿತ್ತು. ಇನ್ನೆರಡು ಕಾರುಗಳಲ್ಲೂ ಹಾಗೆಯೇ! ಮೇಲಿನವರಿಗೆ ಕಾಗದ ಬರೆದ. ಉತ್ತರವಿಲ್ಲ.

“ಮತ್ತೇನು ಮಾಡ್ತೀಯಾ?” ಎಂದೆ.

“ನಾಳೆ ಇನ್ನೊಂದು ಬರೀತೀನಿ ತಾತಾ. ಫೋಟೋ ಸಮೇತ.”

ಅವನ ಅಜ್ಜಿ ಸೀಗೆಪುಡಿಯ ಡಬ್ಬಿ ತಂದು ಮುಂದಿಟ್ಟಳು. “ಮೊದಲು ಕೈ ತೊಳ್ಕೋ, ಊಟಕ್ಕೆ ಹಾಕ್ತೀನಿ,” ಎಂದಳು.