ಕತ್ತರಿ ಆಡಿಸಿದ ಭತ್ತ: ಇಳುವರಿಯ ಲೆಕ್ಕ, ಬೀಜದ ಹಕ್ಕು

ಭತ್ತದ ತಳಿಯೊಂದು ಇಪ್ಪತ್ತು ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂದರೆ ಏನರ್ಥ ಎಂಬುದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಲುವೆಯಲ್ಲಿ ನೀರು ಇಳಿಯುವುದನ್ನು ಅವರು ಎಷ್ಟು ಸಲ ಕಂಡಿದ್ದಾರೋ! 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ತುಂಬಿದ ಕೆರೆಯ ಮುಂದೆ ನಿಂತೇ ಬರದ ಭಯ ಪಟ್ಟವರು ಇವರು. ಇಪ್ಪತ್ತು ದಿನದಲ್ಲಿ ಎರಡು ಮೂರು ನೀರು ಉಳಿಯುತ್ತದೆ. ಆ ಎರಡು ಮೂರು ನೀರಿನಲ್ಲೇ ಬೆಳೆ ಕೈಗೆ ಬರುವುದೋ ಬಾರದೋ ಎಂಬುದು ನಿರ್ಧಾರವಾಗುತ್ತದೆ.

ಅಂಥ ತಳಿಯೊಂದು ಸಿದ್ಧವಾಗಿದೆ ಎಂದು 2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ಪ್ರಕಟಿಸಿದರು. ಒಂದಲ್ಲ, ಎರಡು ತಳಿ. ಮೊದಲನೆಯದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ 'ಡಿಆರ್‌ಆರ್ ಧಾನ್ 100'. ಇದಕ್ಕೆ 'ಕಮಲಾ' ಎಂದು ಹೆಸರು. ಇದರ ಮೂಲ ನಮ್ಮವರು ಚೆನ್ನಾಗಿ ಬಲ್ಲ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204. ಎರಡನೆಯದು ದೆಹಲಿಯ ಪೂಸಾ ಸಂಸ್ಥೆಯ 'ಪೂಸಾ ಡಿಎಸ್‌ಟಿ ರೈಸ್ 1'. ಇದರ ಮೂಲ ಎಂಟಿಯು 1010. ಇವೆರಡೂ ಜೀನೋಮ್ ಸಂಪಾದನೆ ಎಂಬ ವಿಧಾನದಿಂದ ಹುಟ್ಟಿದವು. ಶಿಫಾರಸಿನ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ. ಆದುದರಿಂದ ಇದು ದೂರದ ಸುದ್ದಿಯಲ್ಲ.

ಕತ್ತರಿ ಮಾಡುವ ಕೆಲಸ

ಹಳ್ಳಿಯ ವಾಚನಾಲಯದಲ್ಲಿ ಈ ಸುದ್ದಿ ಓದಿದ ಕೂಡಲೇ ಬರುವ ಪ್ರಶ್ನೆ ಒಂದೇ: ಇದೂ ಬಿಟಿ ಹತ್ತಿಯ ಹಾಗೆಯೇ? ಅಲ್ಲ, ಆದರೆ ಸಂಬಂಧವೇ ಇಲ್ಲವೆಂದೂ ಹೇಳಲಾಗದು. ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನನ್ನು ತಂದು ಹತ್ತಿ ಗಿಡಕ್ಕೆ ಸೇರಿಸಲಾಗಿದೆ. ಅದು ಹೊರಗಿನಿಂದ ಬಂದು ಗಿಡದಲ್ಲೇ ಉಳಿಯುವ ಜೀನು. ಹೊಸ ಭತ್ತದಲ್ಲಿ ಕೊನೆಗೆ ಉಳಿಯುವುದು ಭತ್ತದ ಜೀನುಗಳು ಮಾತ್ರ. ಅವುಗಳಲ್ಲಿ ಒಂದನ್ನು ಕತ್ತರಿಸಿ ಕೆಲಸ ಮಾಡದಂತೆ ಮಾಡಲಾಗಿದೆ.

ಕತ್ತರಿ ಎಂದರೆ ಕ್ಯಾಸ್-9 ಎಂಬ ಪ್ರೋಟೀನು. ಅದರ ಜೊತೆಗೆ ದಾರಿ ತೋರಿಸುವ ಚಿಕ್ಕ ಆರ್‌ಎನ್‌ಎ ತುಣುಕೊಂದು ಇರುತ್ತದೆ. ಹೊಲದ ಸರ್ವೆ ನಂಬರು ಹಿಡಿದು ಬಂದ ಮೋಜಣಿದಾರನಂತೆ ಅದು ಭತ್ತದ ಸಾವಿರಾರು ಜೀನುಗಳ ನಡುವೆ ಬೇಕಾದ ಜಾಗವನ್ನು ಹುಡುಕುತ್ತದೆ. ಕತ್ತರಿ ಅಲ್ಲಿ ತುಂಡರಿಸುತ್ತದೆ. ಗಿಡ ತನ್ನ ಗಾಯವನ್ನು ತಾನೇ ಹೊಲಿದುಕೊಳ್ಳುತ್ತದೆ. ಹೊಲಿಗೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಆ ಜೀನು ಕೆಡುತ್ತದೆ. ಈ ವಿಧಾನವನ್ನು ಕಂಡುಹಿಡಿದ ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳಿಗೆ 2020ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕತ್ತರಿಯನ್ನು ಗಿಡದೊಳಗೆ ಕಳಿಸಲು ಮೊದಲು ಹೊರಗಿನ ಜೀನನ್ನೇ ಸೇರಿಸಬೇಕಾಗುತ್ತದೆಯಾದರೂ, ಮುಂದಿನ ತಲೆಮಾರುಗಳಲ್ಲಿ ಅದಿಲ್ಲದ ಸಸಿಗಳನ್ನು ಆರಿಸಿ ಉಳಿಸಿಕೊಳ್ಳುತ್ತಾರೆ.

ಕಮಲಾ ತಳಿಯಲ್ಲಿ ಕೆಡಿಸಿದ ಜೀನಿನ ಹೆಸರು ಸಿಕೆಎಕ್ಸ್-2. ಭತ್ತದ ಗಿಡದಲ್ಲಿ ಸೈಟೋಕೈನಿನ್ ಎಂಬ ಬೆಳವಣಿಗೆಯ ರಸವಿದೆ. ತೆನೆಯಲ್ಲಿ ಕವಲು ಹೆಚ್ಚಾಗಿ ಕಾಳು ಹೆಚ್ಚಾಗುವುದು ಇದರಿಂದ. ಸಿಕೆಎಕ್ಸ್-2 ಈ ರಸವನ್ನು ಒಡೆದುಹಾಕುವ ಜೀನು. ಕೆರೆಯ ಸೋರುವ ತೂಬು ಇದ್ದ ಹಾಗೆ. ತೂಬು ಮುಚ್ಚಿದರೆ ಕೆರೆಯಲ್ಲಿ ನೀರು ನಿಲ್ಲುತ್ತದೆ, ತೆನೆಯಲ್ಲಿ ಕಾಳು ಹೆಚ್ಚುತ್ತದೆ. ಪೂಸಾ ತಳಿಯಲ್ಲಿ ಡಿಎಸ್‌ಟಿ ಎಂಬ ಬೇರೆ ಜೀನನ್ನು ಕೆಡಿಸಿದ್ದಾರೆ. ಅದು ಹೋದರೆ ಎಲೆಯ ಮೇಲಿನ ಉಸಿರುರಂಧ್ರಗಳು ಕಡಿಮೆಯಾಗಿ ನೀರು ಆವಿಯಾಗುವುದು ತಗ್ಗುತ್ತದೆ. ಬರ ಮತ್ತು ಉಪ್ಪನ್ನು ಗಿಡ ಹೆಚ್ಚು ತಾಳುತ್ತದೆ.

ಇದೇ ಕತ್ತರಿ ಆಸ್ಪತ್ರೆಯನ್ನೂ ಹೊಕ್ಕಿದೆ. ಕುಡುಗೋಲಾಕಾರದ ರಕ್ತಕಣದ ಕಾಯಿಲೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಕಂಡುಬಂದಿದೆ. ಇದಕ್ಕೆ ಕ್ರಿಸ್ಪರ್ ಚಿಕಿತ್ಸೆಯನ್ನು 2023ರ ನವೆಂಬರ್‌ನಲ್ಲಿ ಬ್ರಿಟನ್ನು, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದವು. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಜಪಾನಿನಲ್ಲಿ ರಕ್ತದೊತ್ತಡ ಹಿಡಿತಕ್ಕೆ ನೆರವಾಗುವ ವಸ್ತು ಹೆಚ್ಚಿರುವ ಸಂಪಾದಿತ ಟೊಮೆಟೊ 2021ರಿಂದ ಮಾರಾಟಕ್ಕೆ ಬಂತು.

ಚೀಲದ ಲೆಕ್ಕ

ಸರ್ಕಾರ ಕೊಟ್ಟ ಅಂಕಿಅಂಶಗಳನ್ನು ಈಗ ಎಕರೆಗೆ ಇಳಿಸಿ ನೋಡೋಣ. ಸಾಂಬಾ ಮಸೂರಿಯ ಸರಾಸರಿ ಹೆಕ್ಟೇರಿಗೆ 4.5 ಟನ್, ಕಮಲಾದ ಸರಾಸರಿ 5.37 ಟನ್, ಅಂದರೆ ಶೇಕಡಾ 19ರಷ್ಟು ಹೆಚ್ಚು. ಎಕರೆಗೆ 18 ಕ್ವಿಂಟಲ್ ಇದ್ದುದು ಸುಮಾರು 21.7 ಕ್ವಿಂಟಲ್ ಆಯಿತು. 75 ಕಿಲೋ ಚೀಲದ ಲೆಕ್ಕದಲ್ಲಿ 24 ಚೀಲ ಇದ್ದುದು 29 ಚೀಲ. ಇದನ್ನು ಓದಿ ಸಿಂಧನೂರು, ಗಂಗಾವತಿ ಕಡೆಯ ರೈತರು ನಗಬಹುದು. ನೀರು ಸರಿಯಾಗಿ ಸಿಕ್ಕ ವರ್ಷ ಅವರು ಬಿಪಿಟಿಯಲ್ಲೇ ಮೂವತ್ತು ಚೀಲ ದಾಟಿಸುತ್ತಾರೆ. ಆದರೆ ಇದು 2023 ಮತ್ತು 2024ರ ಮುಂಗಾರಿನಲ್ಲಿ ದೇಶದ ಹಲವು ಪ್ರಯೋಗ ತಾಕುಗಳಿಂದ ಬಂದ ಸರಾಸರಿ ಎಂಬುದನ್ನು ಮರೆಯಬಾರದು. ಒಳ್ಳೆಯ ನೆಲವೂ ಕೆಟ್ಟ ನೆಲವೂ ಅದರಲ್ಲಿ ಸೇರಿವೆ. ನಿಮ್ಮ ಹೊಲದಲ್ಲಿ 35 ಚೀಲ ಬರುತ್ತಿದ್ದರೆ ಕಮಲಾದಿಂದ 42 ಬಂದೇ ಬರುತ್ತದೆ ಎಂದು ಈ ಸರಾಸರಿ ಹೇಳುವುದಿಲ್ಲ.

ಅಲ್ಲದೆ ಈ ಅಂಕಿಅಂಶಗಳ ಬಗೆಗೇ ಜಗಳವಾಗಿದೆ. 2025ರ ಕೊನೆಯ ತಿಂಗಳುಗಳಲ್ಲಿ ಕುಲಾಂತರಿ ಬೆಳೆಗಳನ್ನು ವಿರೋಧಿಸುವ ಸಂಘಟನೆಗಳ ಒಕ್ಕೂಟವು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನದೇ ಭತ್ತದ ಪ್ರಯೋಗ ವರದಿಗಳನ್ನು ಮುಂದಿಟ್ಟು, ಹೇಳಿದಷ್ಟು ಲಾಭ ಅದರಲ್ಲಿ ಕಾಣುವುದಿಲ್ಲವೆಂದು ಆಕ್ಷೇಪಿಸಿತು. ಪರಿಷತ್ತು ಆರೋಪವನ್ನು ಅಲ್ಲಗಳೆಯಿತು. ರೈತನಿಗೆ ಇದರಲ್ಲಿ ಯಾರ ಪಕ್ಷ ವಹಿಸುವ ಅವಸರವೂ ಬೇಡ. ತಾಕುವಾರು ಇಳುವರಿಯನ್ನು ಕನ್ನಡದಲ್ಲಿ ಪ್ರಕಟಿಸಿ ಎಂದು ಕೇಳುವ ಹಕ್ಕು ಮಾತ್ರ ಅವನಿಗಿದೆ. ತೆರಿಗೆ ಹಣದಿಂದ ನಡೆದ ಪ್ರಯೋಗವಲ್ಲವೇ?

ಇಳುವರಿಗಿಂತಲೂ ನನಗೆ ಮುಖ್ಯವೆನಿಸುವುದು ಅವಧಿ. ಸಾಂಬಾ ಮಸೂರಿ 145ರಿಂದ 150 ದಿನದ ಬೆಳೆ. ಕಮಲಾ ಸುಮಾರು 130 ದಿನದ್ದು. ಭತ್ತದ ಗದ್ದೆಯಲ್ಲಿ ನೀರು ನಿಂತಷ್ಟು ದಿನವೂ ಮೀಥೇನ್ ಅನಿಲ ಏಳುತ್ತದೆ. ದಿನ ಕಡಿಮೆಯಾದರೆ ವಾತಾವರಣಕ್ಕೂ ಹಿತ. ದೇಶದಲ್ಲಿ 50 ಲಕ್ಷ ಹೆಕ್ಟೇರಿನಲ್ಲಿ ಈ ತಳಿ ಬೆಳೆದರೆ 7,500 ದಶಲಕ್ಷ ಘನ ಮೀಟರ್ ನೀರು ಉಳಿಯುತ್ತದೆ ಎಂದು ಸರ್ಕಾರ ಹೇಳಿದೆ. ನಮ್ಮ ಭಾಷೆಯಲ್ಲಿ ಸುಮಾರು 265 ಟಿಎಂಸಿ. ತುಂಗಭದ್ರಾ ಜಲಾಶಯ ಎರಡೂವರೆ ಸಲ ತುಂಬುವಷ್ಟು. ಆ ನೀರು ಉಳಿದ ಮೇಲೆ ಯಾರ ಹೊಲಕ್ಕೆ ಹೋಗುತ್ತದೆ ಎಂಬುದನ್ನು ಪ್ರಕಟಣೆ ಹೇಳುವುದಿಲ್ಲ. ಮೇಲ್ಭಾಗದವರು ಬೇಗ ಕೊಯ್ದು ಕೂಡಲೇ ಮತ್ತೊಂದು ನಾಟಿಗೆ ಇಳಿದರೆ ಕೊನೆಯಂಚಿಗೆ ಬರುವುದು ಹಿಂದಿನಷ್ಟೇ ನೀರು.

ಉಪ್ಪು ನೆಲದ ಪ್ರಶ್ನೆ

ಎರಡನೆಯ ತಳಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಂಟಿಯು 1010ಕ್ಕೆ ಹೋಲಿಸಿದರೆ ಪೂಸಾ ತಳಿ ಒಳನಾಡಿನ ಉಪ್ಪು ನೆಲದಲ್ಲಿ ಶೇಕಡಾ 9.66, ಕ್ಷಾರ ನೆಲದಲ್ಲಿ ಶೇಕಡಾ 14.66, ಕರಾವಳಿಯ ಉಪ್ಪು ನೆಲದಲ್ಲಿ ಶೇಕಡಾ 30.4 ಹೆಚ್ಚು ಇಳುವರಿ ಕೊಟ್ಟಿತೆಂದು ಪ್ರಕಟವಾಗಿದೆ. ಕರಾವಳಿಯ ಗಜನಿ ಗದ್ದೆಗಳವರೂ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಜೌಗು ಹಿಡಿದ ಕಪ್ಪು ನೆಲದವರೂ ಇದನ್ನು ಆಸೆಯಿಂದ ನೋಡುವುದು ಸಹಜ.

ಆದರೆ ಆ ಕಪ್ಪು ನೆಲ ಸವುಳಾದದ್ದು ಹೇಗೆ? ಯೋಜನೆ ಮಾಡಿದವರು ಅಲ್ಲಿ ಹೆಚ್ಚಿನ ಪಾಲು ಭೂಮಿಗೆ ನಿಗದಿ ಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಮಿತನೀರಿನ ಬೆಳೆಗಳನ್ನು. ಭತ್ತ ಎಲ್ಲ ಕಡೆ ಹರಡಿತು, ನೀರು ನಿಂತಿತು, ಬಸಿಗಾಲುವೆಗಳು ಇಲ್ಲದ ಕಡೆ ಅಡಿಯ ಉಪ್ಪು ಮೇಲೆ ಬಂತು. ಈಗ ಉಪ್ಪು ತಾಳುವ ಭತ್ತ ಬಂದರೆ ರೋಗಕ್ಕೆ ಕಾರಣವಾದುದನ್ನೇ ಔಷಧವೆಂದು ಕೊಟ್ಟಂತಾಗುವ ಅಪಾಯವಿದೆ. ಗಂಗಾವತಿಯ ಸಂಶೋಧನಾ ಕೇಂದ್ರದವರು ಸವುಳು ನೆಲದ ಸುಧಾರಣೆಗೆ ಬಸಿಗಾಲುವೆ, ಜಿಪ್ಸಂ ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ತಳಿ ಸಿಕ್ಕಿತೆಂದು ಬಸಿಗಾಲುವೆಯ ಹಣ ನಿಂತುಹೋದರೆ, ಹತ್ತು ವರ್ಷದ ನಂತರ ಆ ಭತ್ತವೂ ತಾಳಲಾರದಷ್ಟು ಉಪ್ಪು ನೆಲದಲ್ಲಿರುತ್ತದೆ.

ಪರೀಕ್ಷೆ ಮಾಡುವವರು ಯಾರು?

ಬಿಟಿ ಹತ್ತಿಗೆ ಅನುಮತಿ ದೊರೆತದ್ದು 2002ರ ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ 1998ರಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘ ರಾಯಚೂರು ಜಿಲ್ಲೆಯ ಪ್ರಯೋಗದ ಹೊಲದಲ್ಲಿ ಹತ್ತಿ ಗಿಡಗಳನ್ನು ಕಿತ್ತು ಸುಟ್ಟದ್ದು ಹಿರಿಯರಿಗೆ ನೆನಪಿರಬಹುದು. ಬಿಟಿ ಬದನೆಗೆ 2010ರ ಫೆಬ್ರುವರಿ 9ರಂದು ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ತಡೆ ಹಾಕಿದರು. ಬಾಂಗ್ಲಾದೇಶದ ರೈತರು 2014ರಿಂದ ಅದನ್ನು ಬೆಳೆಯತೊಡಗಿದರು. ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನಮ್ಮ ರಾಜ್ಯದವರಾದ ಬಿ.ವಿ. ನಾಗರತ್ನ ಅವರು ಅನುಮತಿಯನ್ನು ರದ್ದುಗೊಳಿಸಿದರು, ಸಂಜಯ್ ಕರೋಲ್ ಅವರು ಎತ್ತಿಹಿಡಿದರು. ರಾಷ್ಟ್ರೀಯ ನೀತಿಯೊಂದು ಬೇಕು ಎಂಬುದರಲ್ಲಿ ಇಬ್ಬರೂ ಒಂದಾದರು.

ಹೊಸ ಭತ್ತ ಈ ದಾರಿಯಲ್ಲಿ ಬರಲೇ ಇಲ್ಲ. 2022ರ ಮಾರ್ಚ್ 30ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಆದೇಶದಂತೆ, ಹೊರಗಿನ ಜೀನು ಉಳಿಯದ ಸಂಪಾದಿತ ಬೆಳೆಗಳಿಗೆ 1989ರ ಜೈವಿಕ ಸುರಕ್ಷತಾ ನಿಯಮಗಳ ಮುಖ್ಯ ಭಾಗಗಳಿಂದ ವಿನಾಯಿತಿ ದೊರೆಯಿತು. ಹೊರಗಿನ ಜೀನು ಉಳಿದಿಲ್ಲವೆಂಬುದನ್ನು ಸಂಸ್ಥೆಯ ಮಟ್ಟದ ಸುರಕ್ಷತಾ ಸಮಿತಿ ನೋಡಿ ಖಚಿತಪಡಿಸಿದರೆ ಸಾಕು. ಇದಕ್ಕೆ ಸಮರ್ಥನೆ ಇಲ್ಲದೆ ಇಲ್ಲ. ಗಾಮಾ ಕಿರಣ ಹಾಯಿಸಿ ಜೀನುಗಳನ್ನು ಎಲ್ಲೆಂದರಲ್ಲಿ ಕೆಡಿಸಿ, ಬಂದದ್ದರಲ್ಲಿ ಒಳ್ಳೆಯದನ್ನು ಆರಿಸುವ ವಿಧಾನ ಬಹಳ ಹಳೆಯದು. ಅಂಥ ತಳಿಗಳಿಗೆ ಯಾರೂ ಸುರಕ್ಷತಾ ಪರೀಕ್ಷೆ ಕೇಳಲಿಲ್ಲ. ಟ್ರಾಂಬೆಯ ಅಣು ಕೇಂದ್ರದ ಟಿಎಜಿ-24 ಶೇಂಗಾವನ್ನು ಬೆಳೆದು ತಿಂದವರು ನಾವು. ಕಣ್ಣುಮುಚ್ಚಿ ಬೀಸಿದ ಕೊಡಲಿಗಿಂತ ಗುರಿಯಿಟ್ಟ ಕತ್ತರಿ ಮೇಲು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಗುರಿ ತಪ್ಪಿ ಬೇರೆ ಕಡೆ ಕತ್ತರಿ ಬಿದ್ದಿದೆಯೇ ಎಂಬುದನ್ನು ಕತ್ತರಿ ಹಿಡಿದ ಸಂಸ್ಥೆಯ ಸಮಿತಿಯೇ ತೀರ್ಮಾನಿಸುವುದು ಸರಿಯಲ್ಲ. ವಿಶ್ವಾಸ ಬರಬೇಕಾದರೆ ಹೊರಗಿನವರು ನೋಡಬೇಕು, ನೋಡಿದ್ದು ಎಲ್ಲರಿಗೂ ತಿಳಿಯಬೇಕು. ಬರ, ಉಪ್ಪು ತಾಳುವ ಗುಣ ಗದ್ದೆಯ ಕಳೆಭತ್ತಕ್ಕೆ ದಾಟಿದರೆ ಏನಾಗಬಹುದೆಂಬುದೂ ಅಂಥವರು ನೋಡಬೇಕಾದ ವಿಷಯವೇ.

ರಫ್ತಿನ ಮಾತೂ ಇದೆ. ಯೂರೋಪಿನ ನ್ಯಾಯಾಲಯ 2018ರಲ್ಲಿ ಸಂಪಾದಿತ ಬೆಳೆಗಳನ್ನೂ ಕುಲಾಂತರಿ ಎಂದೇ ಎಣಿಸಬೇಕೆಂದು ತೀರ್ಪಿತ್ತಿತು. 2023ರಲ್ಲಿ ಅಲ್ಲಿನ ಆಡಳಿತವೇ ಈ ಕಟ್ಟು ಸಡಿಲಿಸುವ ಪ್ರಸ್ತಾಪ ತಂದಿತು.

ಬೀಜ ಯಾರ ಕೈಯಲ್ಲಿ?

ಬಿಟಿ ಹತ್ತಿ ನಮ್ಮಲ್ಲಿ ಬಹುಮಟ್ಟಿಗೆ ಹೈಬ್ರಿಡ್ ಆಗಿಯೇ ಬಂತು. ಪ್ರತಿ ವರ್ಷ ಬೀಜ ಕೊಳ್ಳಲೇಬೇಕು. 450 ಗ್ರಾಮಿನ ಪೊಟ್ಟಣಕ್ಕೆ ಮೊದಲಲ್ಲಿ 1,600 ರೂಪಾಯಿಗೂ ಮೇಲೆ ಕೊಟ್ಟವರಿದ್ದಾರೆ. ಆಂಧ್ರ ಸರ್ಕಾರ ದೂರು ಹೂಡಿದ ಮೇಲೆ 2006ರಲ್ಲಿ ಅದು 750ಕ್ಕೆ ಇಳಿಯಿತು. ಕಾಯಿಕೊರಕ ಮೊದಲು ಸತ್ತಿತು, ಸಿಂಪಡಣೆ ಇಳಿಯಿತು, ಅದೂ ನಿಜ. ಆಮೇಲೆ ಗುಲಾಬಿ ಕಾಯಿಕೊರಕ ಬಗ್ಗದಾಯಿತು. ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಹೀಗಾಗಿದೆಯೆಂದು ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು.

ಕಮಲಾ ಹೈಬ್ರಿಡ್ ಅಲ್ಲ. ಭತ್ತದಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚಾದುದರಿಂದ ಒಮ್ಮೆ ತಂದ ಬೀಜವನ್ನು ಬೆರಕೆಯಾಗದಂತೆ ಕಾಪಾಡಿಕೊಂಡರೆ ಕೆಲವು ವರ್ಷ ಮನೆಯ ಬೀಜವೇ ಸಾಕು. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಸಂರಕ್ಷಿತ ತಳಿಯ ಬೀಜವನ್ನೂ ಉಳಿಸಲು, ಬಿತ್ತಲು, ವಿನಿಮಯ ಮಾಡಲು, ಬ್ರಾಂಡ್ ಹೆಸರು ಹಾಕದೆ ಮಾರಲು ರೈತನಿಗೆ ಹಕ್ಕು ಕೊಟ್ಟಿದೆ. ತೊಡಕಿರುವುದು ಕತ್ತರಿಯ ಮೇಲೆ. ಕ್ಯಾಸ್-9ರ ಪೇಟೆಂಟುಗಳು ಹೊರದೇಶದ ವಿಶ್ವವಿದ್ಯಾಲಯ, ಸಂಸ್ಥೆಗಳ ಕೈಯಲ್ಲಿವೆ. ಸಂಶೋಧನೆಗೆ ಬಳಸುವುದು ಬೇರೆ, ಬೀಜ ಮಾರುವುದು ಬೇರೆ. ಪರವಾನಗಿಗೆ ಹಣ ತೆರಬೇಕಾದರೆ ಅದು ಪರಿಷತ್ತಿನ ಖಜಾನೆಯಿಂದ ಹೋಗುವುದೋ, ಬೀಜದ ಚೀಲದ ಬೆಲೆಗೆ ಸೇರುವುದೋ? ಇದನ್ನು ಬೀಜ ಬರುವ ಮೊದಲೇ ಬರಹದಲ್ಲಿ ಹೇಳಿಸಿಕೊಳ್ಳಬೇಕು. ಒಡಿಶಾದ ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟಿಎನ್‌ಪಿಬಿ ಎಂಬ ಇನ್ನೂ ಚಿಕ್ಕ ಕತ್ತರಿಯನ್ನು ಗಿಡಗಳಲ್ಲಿ ಬಳಸಿ ತೋರಿಸಿರುವುದು ಈ ದೃಷ್ಟಿಯಿಂದ ದೊಡ್ಡ ಸುದ್ದಿ. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಚಿಕ್ಕದು.

ಹಾಗೆಯೇ ಸದ್ದಿಲ್ಲದೆ ಬಂದ ಇನ್ನೊಂದನ್ನೂ ನೆನೆಯಬೇಕು. ಸಾಂಬಾ ಮಸೂರಿಗೆ ದುಂಡಾಣು ಎಲೆಮಚ್ಚೆ ರೋಗ ದೊಡ್ಡ ಶತ್ರು. ಆ ರೋಗ ತಡೆಯುವ ಮೂರು ಜೀನುಗಳನ್ನು ಡಿಎನ್‌ಎ ಗುರುತು ಹಿಡಿದು, ಬರಿಯ ಸಂಕರಣದಿಂದಲೇ ಕೂಡಿಸಿದ 'ಇಂಪ್ರೂವ್ಡ್ ಸಾಂಬಾ ಮಸೂರಿ' 2008ರಲ್ಲಿ ಬಿಡುಗಡೆಯಾಯಿತು. ಅದನ್ನು ಮಾಡಿದವರು ಹೈದರಾಬಾದಿನ ಇದೇ ಭತ್ತದ ಸಂಸ್ಥೆ ಮತ್ತು ಅಲ್ಲಿನ ಜೀವಕೋಶ ಸಂಶೋಧನಾ ಕೇಂದ್ರ. ಅದರ ಅನ್ನ ರಕ್ತಕ್ಕೆ ಸಕ್ಕರೆಯನ್ನು ನಿಧಾನವಾಗಿ ಬಿಡುತ್ತದೆ ಎಂಬುದೂ ಪರೀಕ್ಷೆಯಲ್ಲಿ ಕಂಡುಬಂತು. ಮಧುಮೇಹದವರಿಗೆ ಇದು ಒಳ್ಳೆಯ ಸುದ್ದಿ. ಜಗಳವೂ ಇಲ್ಲ, ಪ್ರಚಾರವೂ ಇಲ್ಲ. ಕಮಲಾದಲ್ಲಿ ಬದಲಾಯಿಸಿರುವುದು ಕಾಳಿಗೆ ಸಂಬಂಧಿಸಿದ ಜೀನನ್ನು ಮಾತ್ರ. ಈ ಮೂರು ರೋಗನಿರೋಧಕ ಜೀನುಗಳು ಅದರಲ್ಲಿಲ್ಲ. ಆದ್ದರಿಂದ ಮೂಲ ತಳಿಗೆ ಬರುವ ಎಲೆಮಚ್ಚೆಗೆ ಇಲ್ಲಿಯೂ ಅಷ್ಟೇ ಎಚ್ಚರ ಬೇಕು.

ತಳಿ ಪ್ರಕಟವಾದಾಗ, ಬೀಜವೃದ್ಧಿ ಆಗಿ ರೈತರ ಕೈಗೆ ಬರಲು ನಾಲ್ಕೈದು ವರ್ಷ ಬೇಕೆಂದು ಅಧಿಕಾರಿಗಳು ಹೇಳಿದ್ದರು. ಕಮಲಾ ಹೆಸರಿನ ಚೀಲ ಹಿಡಿದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಪ್ರಮಾಣಿತ ಬೀಜದ ನೀಲಿ ಚೀಟಿ ಇದೆಯೇ ಎಂದು ನೋಡಿ; ಇಲ್ಲವಾದರೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ನಿಜವಾದ ಬೀಜ ಸಿಕ್ಕ ವರ್ಷ ಐದು ಗುಂಟೆಯಲ್ಲಿ ಮಾತ್ರ ನಾಟಿ ಮಾಡಿ, ಪಕ್ಕದ ಐದು ಗುಂಟೆಯಲ್ಲಿ ಅದೇ ದಿನ, ಅದೇ ಗೊಬ್ಬರ ಹಾಕಿ ನಿಮ್ಮ ಹಳೆಯ ಬಿಪಿಟಿ ಇಡಿ. ಕಟ್ಟಿದ ನೀರು, ಸಿಂಪಡಿಸಿದ ಔಷಧ, ಒಕ್ಕಿದ ದಿನದ ತೂಕ ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಅಕ್ಕಿ ಮಾಡಿಸಿ ನುಚ್ಚು ಎಷ್ಟಾಯಿತು ಎಂಬುದನ್ನು ಗಿರಣಿಯಲ್ಲಿ ನಿಂತು ನೋಡಿ. ಮಾರುಕಟ್ಟೆಯಲ್ಲಿ ವ್ಯಾಪಾರಿ ಬೆಲೆ ಕಟ್ಟುವುದು ಅದರ ಮೇಲೆ.