ಇಪ್ಪತ್ತನಾಲ್ಕು ಗಂಟೆ ಸಾಲದ ದಿನ

1993ನೆಯ ಇಸವಿಯ ಜನವರಿ ತಿಂಗಳಿನಲ್ಲಿ ಅಮೆರಿಕದ ಸರ್ಕಾರವು ವಾಷಿಂಗ್ಟನ್ ನಗರದ ಮನೋವೈದ್ಯರೊಬ್ಬರ ಮೇಲೂ ಅವರ ಪತ್ನಿಯ ಮೇಲೂ ಮೊಕದ್ದಮೆ ಹೂಡಿತು. ಸುಮಾರು ಆರು ವರ್ಷಗಳ ಅವಧಿಯಲ್ಲಿ ವೈದ್ಯರು ತಮಗೆ ಸಲ್ಲಬೇಕಾದುದಕ್ಕಿಂತ 2,45,392 ಡಾಲರುಗಳನ್ನು ಹೆಚ್ಚಾಗಿ ಪಡೆದರೆಂಬುದು ಆರೋಪ. ಅದಕ್ಕೆ ಪ್ರತಿಯಾಗಿ ಸರ್ಕಾರವು ಕೇಳಿದ ಮೊತ್ತವು ಸುಮಾರು 8 ಕೋಟಿ 10 ಲಕ್ಷ ಡಾಲರು! ಅಸಲನ್ನು ನುಂಗಿದ ಬಡ್ಡಿಯನ್ನು ಸಾಹುಕಾರರ ಖಾತೆಯಲ್ಲಿ ಕಂಡವರಿಗೂ ಈ ಲೆಕ್ಕವು ದಿಗ್ಭ್ರಮೆ ಹಿಡಿಸೀತು. ಆದರೆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಾಯಿದೆಯು ನಷ್ಟದ ಮೂರರಷ್ಟನ್ನು ವಸೂಲು ಮಾಡುವುದಲ್ಲದೆ, ಪ್ರತಿಯೊಂದು ಸುಳ್ಳು ಬೇಡಿಕೆಗೂ ಪ್ರತ್ಯೇಕ ದಂಡವನ್ನು ವಿಧಿಸುತ್ತದೆ. ಆಗ ಆ ದಂಡದ ಮೇಲಿನ ಮಿತಿ 10,000 ಡಾಲರು. ಆರೋಪಕ್ಕೊಳಗಾದ ಬೇಡಿಕೆಗಳು 8,002. ಗುಣಿಸಿ ನೋಡಿದವರಿಗೆ ಗುಟ್ಟು ತಿಳಿಯುತ್ತದೆ.

ಈ ಕಾಯಿದೆಯು ವೈದ್ಯರಿಗಾಗಿ ಹುಟ್ಟಿದ್ದಲ್ಲ. ಅಮೆರಿಕದ ಅಂತರ್ಯುದ್ಧದ ನಡುವೆ, ಲಿಂಕನ್ನರು ಅಧ್ಯಕ್ಷರಾಗಿದ್ದಾಗ, ಸೈನ್ಯಕ್ಕೆ ಕೆಟ್ಟ ಸಾಮಾನುಗಳನ್ನು ಮಾರಿ ಹಣ ಹೊಡೆಯುತ್ತಿದ್ದ ಗುತ್ತಿಗೆದಾರರನ್ನು ಹಿಡಿಯಲು 1863ರಲ್ಲಿ ಅದನ್ನು ಮಾಡಿದರು. 1965ರಲ್ಲಿ ಅಧ್ಯಕ್ಷ ಜಾನ್ಸನ್ನರು ವೃದ್ಧರ ಚಿಕಿತ್ಸೆಗೆ ಮೆಡಿಕೇರ್ ಯೋಜನೆಯನ್ನೂ ಬಡವರಿಗೆ ಮೆಡಿಕೇಡ್ ಯೋಜನೆಯನ್ನೂ ತಂದ ಮೇಲೆ ಸರ್ಕಾರದ ಬೊಕ್ಕಸಕ್ಕೂ ಆಸ್ಪತ್ರೆಗೂ ನಂಟು ಬೆಳೆಯಿತು. ಗುತ್ತಿಗೆದಾರನಿಗೆ ಮಾಡಿದ ಬೋನಿಗೆ ವೈದ್ಯನೂ ಬೀಳುವ ಕಾಲ ಬಂದಿತು.

ನ್ಯಾಯಗ್ರಂಥಗಳಲ್ಲಿ ಕ್ರಿಜೆಕ್ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದ ತಿರುಳೆಲ್ಲ ಒಂದು ಸಂಖ್ಯೆಯಲ್ಲಿದೆ. ಅಮೆರಿಕದ ವೈದ್ಯರು ತಾವು ಮಾಡಿದ ಪ್ರತಿಯೊಂದು ಕೆಲಸವನ್ನೂ ಐದಂಕಿಯ ಸಂಕೇತದಿಂದ ಬಿಲ್ಲಿನಲ್ಲಿ ಸೂಚಿಸಬೇಕು. ರೋಗಿಯೊಡನೆ 45ರಿಂದ 50 ನಿಮಿಷ ನಡೆಸಿದ ಮನಶ್ಚಿಕಿತ್ಸೆಗೆ ಆಗ 90844 ಎಂಬ ಸಂಕೇತವಿತ್ತು; 20ರಿಂದ 30 ನಿಮಿಷದ್ದಕ್ಕೆ 90843. ವೈದ್ಯರ ಬಿಲ್ಲುಗಳನ್ನು ಬರೆಯುತ್ತಿದ್ದವರು ಅವರ ಪತ್ನಿ ಮತ್ತು ಒಬ್ಬ ಗುಮಾಸ್ತೆ. ಯಾವ ರೋಗಿಯೊಡನೆ ಎಷ್ಟು ಹೊತ್ತು ಕಳೆದಿರೆಂದು ವೈದ್ಯರನ್ನು ಕೇಳುವ ರೂಢಿ ಅವರಿಗಿರಲಿಲ್ಲ. ಹೆಚ್ಚು ಬೆಲೆಯ ಸಂಕೇತವನ್ನೇ ಬರೆದುಬಿಡುವುದು ವಾಡಿಕೆಯಾಗಿತ್ತು. ಬಿಲ್ಲುಗಳತ್ತ ವೈದ್ಯರು ಕಣ್ಣು ಹಾಯಿಸುತ್ತಿರಲಿಲ್ಲ. ಹೀಗೆ ಬರೆದ ಬಿಲ್ಲುಗಳನ್ನು ದಿನವಾರು ಕೂಡಿಸಿ ನೋಡಿದಾಗ, ಕೆಲವು ದಿನಗಳಲ್ಲಿ ಚಿಕಿತ್ಸೆಯ ಅವಧಿಯು ಇಪ್ಪತ್ತನಾಲ್ಕು ಗಂಟೆಗಳನ್ನೂ ಮೀರಿತ್ತು. ಸೂರ್ಯದೇವನೂ ಒದಗಿಸಲಾರದ ದಿನವನ್ನು ಲೇಖನಿಯು ಒದಗಿಸಿತ್ತು.

ವಿಚಾರಣೆಯು ಮೂರು ವಾರ ನಡೆಯಿತು. ಏಳು ಮಂದಿ ರೋಗಿಗಳ ಇನ್ನೂರು ಬಿಲ್ಲುಗಳನ್ನು ಮಾದರಿಯಾಗಿ ಆರಿಸಿಕೊಂಡರು. ರೋಗಿಗಳಿಗೆ ಅನಾವಶ್ಯಕ ಚಿಕಿತ್ಸೆ ಮಾಡಿದರೆಂಬ ಆರೋಪವನ್ನು ನ್ಯಾಯಾಧೀಶ ಸ್ಟಾನ್ಲಿ ಸ್ಪೋರ್ಕಿನ್ ಅವರು ತಳ್ಳಿಹಾಕಿದರು. ಅಂಥ ಕಠಿನ ರೋಗಿಗಳಿಗೆ ಆ ಚಿಕಿತ್ಸೆಯು ಬೇಕಾದುದೇ ಎಂದರು. ರೋಗಿಯ ಎದುರಿಗೆ ಕುಳಿತ ನಿಮಿಷಗಳನ್ನು ಮಾತ್ರ ಎಣಿಸಬೇಕೆಂಬ ಸರ್ಕಾರದ ವಾದವನ್ನೂ ಒಪ್ಪಲಿಲ್ಲ. ದಾಖಲೆ ಓದಿದ, ದಾದಿಯರೊಡನೆಯೂ ಬಂಧುಗಳೊಡನೆಯೂ ಮಾತನಾಡಿದ ಸಮಯವನ್ನು ಸೇರಿಸುವುದು ವೈದ್ಯರಲ್ಲಿ ವಾಡಿಕೆಯಾಗಿತ್ತು. ಸಂಕೇತದ ವಿವರಣೆಯಲ್ಲಿ ಅದನ್ನು ಸ್ಪಷ್ಟವಾಗಿ ನಿಷೇಧಿಸಿರಲಿಲ್ಲ. ಅಸ್ಪಷ್ಟವಾದ ನಿಯಮವನ್ನು ಪ್ರಾಮಾಣಿಕವಾಗಿ ಒಂದು ರೀತಿಯಲ್ಲಿ ಅರ್ಥಮಾಡಿಕೊಂಡವನನ್ನು ವಂಚಕನೆನ್ನಲಾಗದು. ಇಲ್ಲಿಯವರೆಗೆ ವೈದ್ಯರದೇ ಜಯ.

ಇಪ್ಪತ್ತನಾಲ್ಕು ಗಂಟೆಗೆ ಮೀರಿದ ದಿನಕ್ಕೆ ಮಾತ್ರ ಯಾವ ಅರ್ಥವಿವರಣೆಯೂ ನೆರವಾಗಲಿಲ್ಲ. ನನಗೆ ತಿಳಿಯದು, ಹೆಂಡತಿ ಬರೆದಳು ಎಂದರೆ ಸಾಲದೇ? ಸಾಲದು. 1986ರ ತಿದ್ದುಪಡಿಯು ‘ತಿಳಿದು ಮಾಡುವುದು’ ಎಂಬುದಕ್ಕೆ ಮೂರು ಅರ್ಥಗಳನ್ನು ಕೊಟ್ಟಿದೆ: ನಿಜವಾಗಿ ತಿಳಿದಿರುವುದು, ಬೇಕೆಂದೇ ತಿಳಿಯದೆ ಉಳಿಯುವುದು, ಸತ್ಯವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ವರ್ತಿಸುವುದು. ಮೋಸ ಮಾಡುವ ಸಂಕಲ್ಪವನ್ನು ಸರ್ಕಾರವು ರುಜುವಾತುಪಡಿಸಬೇಕಾಗಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಕಾನೂನು ಹೇಳಿದ ಉತ್ತರವಿದು. ಅಷ್ಟಾದರೂ ಕೇವಲ ಅಜಾಗರೂಕತೆಯು ಈ ಕಾಯಿದೆಯ ಬಲೆಗೆ ಸಿಕ್ಕುವುದಿಲ್ಲ. ಘೋರ ನಿರ್ಲಕ್ಷ್ಯಕ್ಕಿಂತಲೂ ಒಂದು ಹೆಜ್ಜೆ ಮುಂದಿನ ಉಡಾಫೆ ಇರಬೇಕೆಂದು 1997ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಹೇಳಿತು. ವೈದ್ಯರ ಬಿಲ್ಲುಗಳಲ್ಲಿ ಅದು ಇತ್ತೆಂದೂ ಹೇಳಿತು. ಆದರೆ ದಂಡವನ್ನು ಎಣಿಸುವಾಗ ಒಂದೊಂದು ಸಂಕೇತವನ್ನಲ್ಲ, ಒಂದೊಂದು ಬಿಲ್ಲಿನ ನಮೂನೆಯನ್ನು ಒಂದು ಬೇಡಿಕೆಯೆಂದು ತಿಳಿಯಬೇಕೆಂದು ವಿಧಿಸಿತು. ಅದರಿಂದ 1,149 ತಪ್ಪುಗಳು 264ಕ್ಕೆ ಇಳಿದವು. ಒಳ್ಳೆಯ ವಕೀಲನು ಏತಕ್ಕೆ ಬೇಕೆಂದು ಕೇಳುವವರು ಈ ಒಂದು ಅಂಶವನ್ನು ನೋಡಬಹುದು.

ಇದೆಲ್ಲ ಹಣದ ವ್ಯಾಜ್ಯ. ಸೆರೆಮನೆಯ ದಾರಿ ಬೇರೆ. ವೈದ್ಯಕೀಯ ವಂಚನೆಯನ್ನೇ ಹೆಸರಿಸಿ 1996ರಲ್ಲಿ ಅಮೆರಿಕವು ಅಪರಾಧ ಕಾನೂನನ್ನು ಮಾಡಿತು: ಹತ್ತು ವರ್ಷದವರೆಗೆ ಸೆರೆ, ರೋಗಿಗೆ ತೀವ್ರ ಹಾನಿಯಾದರೆ ಇಪ್ಪತ್ತು, ಪ್ರಾಣ ಹೋದರೆ ಆಜೀವ ಸೆರೆಯೂ ಆಗಬಹುದು. ಅಲ್ಲಿ ಉಡಾಫೆ ಸಾಲದು. ತಿಳಿದು, ಬೇಕೆಂದೇ ಮಾಡಿದನೆಂಬುದು ಸಂಶಯಕ್ಕೆಡೆಯಿಲ್ಲದಂತೆ ಸಿದ್ಧವಾಗಬೇಕು. ಆದ್ದರಿಂದ ಆರೋಪಿಯ ಸದುದ್ದೇಶವೇ ಅವನ ಮುಖ್ಯ ಗುರಾಣಿ. ಆದರೆ ಆ ಗುರಾಣಿಯನ್ನು ಮೊಕದ್ದಮೆ ಬಂದ ಮೇಲೆ ಕಮ್ಮಾರನಲ್ಲಿ ಮಾಡಿಸಲಾಗದು. 2023ರಲ್ಲಿ ಔಷಧದ ಬೆಲೆಗಳ ವಿಷಯವಾಗಿ ಬಂದ ಹಣದ ವ್ಯಾಜ್ಯಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಹೇಳಿದ್ದು ಇದನ್ನೇ: ನಿಯಮಕ್ಕೆ ಹೀಗೂ ಅರ್ಥ ಮಾಡಬಹುದಿತ್ತೆಂದು ವಕೀಲರು ಈಗ ಕಂಡುಹಿಡಿದರೆ ಆಗದು, ಬೇಡಿಕೆ ಸಲ್ಲಿಸಿದಾಗ ಆ ಮನುಷ್ಯನು ಮನಸ್ಸಿನಲ್ಲಿ ಏನೆಂದು ನಂಬಿದ್ದನು, ಅದು ಮುಖ್ಯ. ಮನಸ್ಸನ್ನು ತೆರೆದು ತೋರಿಸಲು ಬರುವುದಿಲ್ಲವಾದ್ದರಿಂದ ಆ ಕಾಲದ ಕಾಗದಗಳೇ ಸಾಕ್ಷಿ: ನಿಯಮ ತಿಳಿಯದೆ ಬರೆದು ಕೇಳಿದ ಪತ್ರ, ಬಂದ ಉತ್ತರ, ಗುಮಾಸ್ತರಿಗೆ ಕೊಟ್ಟ ಸೂಚನೆ, ಚಿಕಿತ್ಸೆ ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು.

ಅಮೆರಿಕದಲ್ಲಿ ವೈದ್ಯವೃತ್ತಿ ನಡೆಸುತ್ತಿರುವ ಕನ್ನಡಿಗರು ಕಡಿಮೆಯಿಲ್ಲ. ಅವರ ತಾಯಿತಂದೆಗಳು ಇಲ್ಲಿ ಈ ಪತ್ರಿಕೆಯನ್ನು ಓದುತ್ತಿರಬಹುದು. ಮಗನ ಬಿಲ್ಲನ್ನು ಬೇರೊಬ್ಬರು ಬರೆಯುತ್ತಾರೆ, ಸಹಿ ಮಾತ್ರ ಮಗನದು ಎಂಬುದನ್ನು ಅವರು ತಿಳಿದಿರುವುದು ಒಳ್ಳೆಯದು. ಇಂಥ ಅನೇಕ ಮೊಕದ್ದಮೆಗಳನ್ನು ಆರಂಭಿಸುವವರು ಪೊಲೀಸರಲ್ಲ, ಅದೇ ಕಚೇರಿಯ ನೌಕರರು. ಸರ್ಕಾರದ ಪರವಾಗಿ ದಾವೆ ಹೂಡಿ ಗೆದ್ದವರಿಗೆ ವಸೂಲಾದ ಹಣದಲ್ಲಿ ಶೇಕಡಾ 15ರಿಂದ 30ರವರೆಗೆ ಪಾಲುಂಟು. ತಪ್ಪಾಗಿ ಬಂದ ಹಣವನ್ನು ಗುರುತಿಸಿದ ಮೇಲೆ 60 ದಿನಗಳೊಳಗೆ ಹಿಂದಿರುಗಿಸಬೇಕೆಂದು 2010ರ ಕಾಯಿದೆಯು ವಿಧಿಸಿತು. ಇಟ್ಟುಕೊಂಡರೆ ತಪ್ಪೇ ಅಪರಾಧವಾಗಿ ತಿರುಗಬಹುದು.

ವಿಚಾರಣೆಯ ನೋಟೀಸು ಕೈಗೆ ಬಂದಾಗ ಮನುಷ್ಯಸ್ವಭಾವವು ಮೊದಲು ಹಳೆಯ ಪುಸ್ತಕವನ್ನು ತೆಗೆದು ತಿದ್ದಲು ಹೊರಡುತ್ತದೆ. ಬಿಟ್ಟುಹೋದ ಎರಡು ಸಾಲು ಸೇರಿಸಿದರೆ ಸರಿಹೋದೀತೆಂಬ ಆಸೆ. ನಿರಪರಾಧಿಗಳೂ ಕೆಡುವುದು ಇಲ್ಲಿಯೇ. ತನಿಖೆಯನ್ನು ತಪ್ಪಿಸಲೆಂದು ದಾಖಲೆ ತಿದ್ದಿದವರಿಗೆ ಅಲ್ಲಿ ಇಪ್ಪತ್ತು ವರ್ಷದವರೆಗೆ ಸೆರೆಯುಂಟು. ಮೂಲ ವಂಚನೆಯ ಶಿಕ್ಷೆಗಿಂತ ಅದು ಎರಡರಷ್ಟು. ಈಗಿನ ದಾಖಲೆಗಳು ಕಂಪ್ಯೂಟರಿನಲ್ಲಿರುತ್ತವೆ. ಯಾರು ತಿದ್ದಿದರು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ತಿದ್ದಿದರು ಎಂಬುದನ್ನು ಆ ಯಂತ್ರವು ತಾನಾಗಿಯೇ ಬರೆದಿಟ್ಟುಕೊಂಡಿರುತ್ತದೆ.