ಇಲ್ಲೇನ್ ಐತ್ರೀ ನೋಡಾಕ?

ಊರಿಗೆ ಬಂದ ನೆಂಟರು ಶನಿವಾರ ಸಂಜೆ ‘ಎಲ್ಲಿಗೆ ಹೋಗೋಣ’ ಎಂದು ಕೇಳಿದರೆ ಹುಬ್ಬಳ್ಳಿ–ಧಾರವಾಡದ ಬಹಳಷ್ಟು ಮನೆಗಳಲ್ಲಿ ಸಿಗುವ ಉತ್ತರ ಒಂದೇ: ‘ಇಲ್ಲೇನ್ ಐತ್ರೀ ನೋಡಾಕ?’ ಒತ್ತಾಯ ಮಾಡಿದರೆ ಉಣಕಲ್ ಕೆರೆ, ನೃಪತುಂಗ ಬೆಟ್ಟ, ಇಲ್ಲವೇ ಒಂದು ಮಾಲ್. ರಾತ್ರಿ ದುರ್ಗದ ಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ. ಹೊರಡುವಾಗ ಕೈಗೊಂದು ಪೇಡೆಯ ಡಬ್ಬಿ. ಅಲ್ಲಿಗೆ ಅತಿಥಿ ಸತ್ಕಾರ ಮುಗಿಯಿತು.

ಈ ಬೇಸರವನ್ನು ನಮ್ಮ ಆಡಳಿತಗಾರರೂ ನಂಬಿಬಿಟ್ಟಿದ್ದಾರೆ. ಊರಲ್ಲಿ ಏನೂ ಇಲ್ಲವೆಂದರೆ ಏನಾದರೂ ಕಟ್ಟಬೇಕಲ್ಲ! ಸ್ಮಾರ್ಟ್ ಸಿಟಿ ಹೆಸರಿನಲ್ಲಿ ಗಾಜಿನ ಮನೆಯ ಉದ್ಯಾನಕ್ಕೆ ಪುಟಾಣಿ ರೈಲು ಬಂತು, ಸಂಗೀತ ಕಾರಂಜಿ ಬಂತು. ಮಕ್ಕಳಿಗೆ ಖುಷಿಯಾದರೆ ತಕರಾರೇನೂ ಇಲ್ಲ. ಆದರೆ ಅವಳಿ ನಗರಕ್ಕೆ ನೋಡುವಂಥದ್ದರ ಬರ ಎಂದೂ ಬಂದಿಲ್ಲ. ಇರುವುದನ್ನು ಇಲ್ಲಿನವರಿಗೇ ತಿಳಿಸುವ, ಅಲ್ಲಿಗೆ ಕರೆದೊಯ್ದು ಮನೆಗೆ ಮರಳಿಸುವ ಏರ್ಪಾಡಿಲ್ಲ.

ಧಾರವಾಡದ ಸಪ್ತಾಪುರವನ್ನೇ ನೋಡಿ. ಓಣಿ ಓಣಿಗೂ ಕೋಚಿಂಗ್ ಸೆಂಟರು, ರೀಡಿಂಗ್ ರೂಮು, ಪಿ.ಜಿ., ಖಾನಾವಳಿ. ರಾಯಚೂರು, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದ ಹುಡುಗ ಹುಡುಗಿಯರು ಕೆಎಎಸ್, ಪಿಎಸ್‌ಐ ಪರೀಕ್ಷೆಗಾಗಿ ವರ್ಷಗಟ್ಟಲೆ ಇಲ್ಲೇ ಇರುತ್ತಾರೆ. ಕರ್ನಾಟಕ ವಿದ್ಯಾವರ್ಧಕ ಸಂಘದ ಸ್ಥಾಪನೆ 1890 ಎಂದು ಅವರಿಗೆ ಬಾಯಿಪಾಠವಿದೆ; ಆಟೊ ಹತ್ತಿದರೆ ಹತ್ತು ನಿಮಿಷದಲ್ಲಿ ತಲುಪುವ ಆ ಸಂಘದ ಸಭಾಭವನದಲ್ಲಿ ಇಂದು ಸಂಜೆ ಯಾರ ಉಪನ್ಯಾಸವಿದೆ ಎಂಬುದು ಗೊತ್ತಿಲ್ಲ. ಮನೋಹರ ಗ್ರಂಥಮಾಲೆ 1933ರಿಂದ ಪುಸ್ತಕ ಹೊರಡಿಸುತ್ತಿದೆ. ಕಾರ್ನಾಡರ ನಾಟಕಗಳನ್ನು ಅಚ್ಚು ಹಾಕಿದ ಆ ‘ಅಟ್ಟ’ವನ್ನು ಸುಭಾಸ ರಸ್ತೆಯಿಂದ ಮೆಟ್ಟಿಲೇರಿ ನೋಡಿ ಬರಬಹುದು ಎಂದು ಅವರಿಗೆ ಹೇಳಿದವರು ಯಾರು? ಸಾಧನಕೇರಿಯ ಬೇಂದ್ರೆ ಭವನಕ್ಕೂ ಮಲ್ಲಿಕಾರ್ಜುನ ಮನಸೂರರು ಬಾಳಿದ ‘ಮೃತ್ಯುಂಜಯ’ಕ್ಕೂ ಇದೇ ಮಾತು.

ತಪ್ಪು ಎಲ್ಲವೂ ಹುಡುಗರದ್ದಲ್ಲ. ನಮ್ಮ ಸಾಂಸ್ಕೃತಿಕ ಸಂಸ್ಥೆಗಳ ಆಮಂತ್ರಣ ಪತ್ರಿಕೆ ತಲುಪುವುದು ಮೊದಲೇ ಬರುತ್ತಿದ್ದವರಿಗೆ. ಐದೂವರೆ ಎಂದು ಅಚ್ಚಾದ ಕಾರ್ಯಕ್ರಮ ಆರೂಕಾಲಿಗೆ ಶುರು. ವೇದಿಕೆಯ ಮೇಲೆ ಒಂಬತ್ತು ಕುರ್ಚಿ, ಒಂಬತ್ತು ಶಾಲು, ಒಂಬತ್ತು ಭಾಷಣ. ಹಾಡುವವರು ತಂಬೂರಿ ಶ್ರುತಿ ಮಾಡಿಕೊಳ್ಳುವ ಹೊತ್ತಿಗೆ ಹುಬ್ಬಳ್ಳಿಯಿಂದ ಬಂದವರು ವಾಪಸ್ ಹೋಗುವ ಬಸ್ಸಿನ ಚಿಂತೆಯಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರೆ. ಹೀಗಿದ್ದೂ ‘ಯುವಜನ ಬರುತ್ತಿಲ್ಲ’ ಎಂಬ ಗೊಣಗಾಟ.

ಹುಬ್ಬಳ್ಳಿಯ ಕತೆ ಇನ್ನೂ ವಿಚಿತ್ರ. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಇಲ್ಲಿ ಬಣ್ಣ ಕಂಡು, ಅಳತೆಗೆ ತಕ್ಕಂತೆ ಕತ್ತರಿಸಿಕೊಂಡು ಹೊಲಿಗೆಗೆ ಬರುತ್ತದೆ. ಮೇಜಿನ ಮೇಲಿಡುವ 6×4 ಇಂಚಿನಿಂದ ಹಿಡಿದು 21×14 ಅಡಿಯವರೆಗೆ ಒಂಬತ್ತು ಅಳತೆ. ಎಲ್ಲಕ್ಕಿಂತ ನಾಜೂಕಿನ ಕೆಲಸ ಚಕ್ರದ್ದು: ಬಿಳಿ ಬಟ್ಟೆಯ ಎರಡೂ ಬದಿಗೆ ಅಚ್ಚು ಬೀಳಬೇಕು, ಈಚೆಯ 24 ಗೆರೆಗಳ ಬೆನ್ನಿಗೆ ಆಚೆಯ 24 ಗೆರೆಗಳು ಕರಾರುವಾಕ್ಕಾಗಿ ಕೂಡಬೇಕು. ಕೂದಲೆಳೆಯಷ್ಟು ಸರಿದರೂ ಧ್ವಜ ಕೆಟ್ಟಂತೆ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಟಿ.ವಿ. ಕ್ಯಾಮೆರಾಗಳು ಪ್ರತಿ ಆಗಸ್ಟಿನಲ್ಲಿ ಇಲ್ಲಿಗೆ ಬರುತ್ತವೆ. 2021ರ ಕೊನೆಯಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಖಾದಿ ಧ್ವಜದ ಬೇಡಿಕೆಗೆ ಪೆಟ್ಟು ಬಿತ್ತು. ಊರಿನ ಪ್ರತಿ ಶಾಲೆಯ ಮಕ್ಕಳೂ ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ಒಂದೊಂದು ಧ್ವಜ ಕೊಂಡುಹೋಗಿದ್ದರೆ ಆ ಪೆಟ್ಟು ಪೂರ್ತಿ ತಪ್ಪುತ್ತಿರಲಿಲ್ಲ, ಆದರೆ ಊರು ಜೊತೆಗಿದೆ ಎಂಬ ಧೈರ್ಯವಾದರೂ ಇರುತ್ತಿತ್ತು. ನಾವು ಮಕ್ಕಳನ್ನು ಕರೆದೊಯ್ಯುವುದು ವಾಟರ್ ಪಾರ್ಕಿಗೆ.

ಉಣಕಲ್ಲಿನಲ್ಲೂ ಕೆರೆಯ ದಂಡೆಗೆ ಬಂದವರಲ್ಲಿ ಅರ್ಧ ಮಂದಿ ಹತ್ತಿರದ ಚಂದ್ರಮೌಳೇಶ್ವರ ದೇವಾಲಯ ನೋಡದೇ ಹಿಂತಿರುಗುತ್ತಾರೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಚಾಲುಕ್ಯರ ಕಾಲದ, ನಾಲ್ಕೂ ದಿಕ್ಕಿಗೆ ಬಾಗಿಲಿರುವ ಗುಡಿ ಅದು. ಸುತ್ತ ಮನೆಗಳು ಒತ್ತಿಕೊಂಡು ನಿಂತಿವೆ. ದಾರಿ ಕೇಳದೆ ಹೋಗಲಾಗದು.

ಹೊರವಲಯಕ್ಕೆ ಬಂದರೆ ಮೊದಲು ನೆನಪಾಗುವುದು ಕುಂದಗೋಳ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡದ್ದು ಈ ಊರಲ್ಲಿ; ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಉಳಿದು ಕಲಿತದ್ದೂ ಇಲ್ಲೇ. ನಾಡಿಗೇರ ವಾಡೆಯಲ್ಲಿ ಗುರುವಿನ ಪುಣ್ಯತಿಥಿಯ ನೆಪದಲ್ಲಿ ಅಹೋರಾತ್ರಿ ನಡೆದುಬಂದ ಸಂಗೀತಕ್ಕೆ ಪುಣೆ, ಮುಂಬೈಯಿಂದ ಜನ ಬಂದದ್ದುಂಟು. ಅಣ್ಣಿಗೇರಿಯ ಅಮೃತೇಶ್ವರ, ಕಲಘಟಗಿಯ ಬಣ್ಣದ ತೊಟ್ಟಿಲು, ನವಲಗುಂದದ ಜಮಖಾನೆ, ಹಂಗಾಮಿನಲ್ಲಿ ನವಲೂರಿನ ಪೇರಲ ಎಲ್ಲವೂ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರುವ ದೂರದಲ್ಲಿವೆ. ಸ್ವಂತ ಕಾರಿದ್ದವರಿಗೆ, ಅಷ್ಟೆ.

ಬಸ್ಸೇ ಇಲ್ಲವೆಂದು ಹೇಳುವ ಊರು ಇದಲ್ಲ ಎಂಬುದೇ ಸೋಜಿಗ. ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳು 2018ರಿಂದ ಸುಮಾರು 22 ಕಿಲೋಮೀಟರಿನ ಪ್ರತ್ಯೇಕ ದಾರಿಯಲ್ಲಿ ಓಡುತ್ತಿವೆ. ಉಣಕಲ್, ಅಮರಗೋಳ, ನವಲೂರು, ಜುಬಿಲಿ ಸರ್ಕಲ್ ಎಲ್ಲವೂ ಅದೇ ದಾರಿಗೆ ಹತ್ತಿರ. ಆ ನಿಲ್ದಾಣಗಳ ಗೋಡೆಯ ಮೇಲೆ ಕೋಚಿಂಗ್ ಜಾಹೀರಾತಿನ ಪಕ್ಕದಲ್ಲೇ ವಾರದ ನಾಟಕ, ಸಂಗೀತ, ಉಪನ್ಯಾಸಗಳ ಪಟ್ಟಿ ಅಂಟಿಸಲು ಯಾವ ಡಿಪಿಆರ್ ಬೇಕು? ಸೃಜನಾ ರಂಗಮಂದಿರದಲ್ಲೋ ಸವಾಯಿ ಗಂಧರ್ವ ಸಭಾಭವನದಲ್ಲೋ ನಾಟಕ ಬಿಡುವ ಹೊತ್ತಿಗೆ ಬಾಗಿಲಲ್ಲೇ ಎರಡು ಬಸ್ಸು ನಿಲ್ಲಿಸಿದರೆ ಸಾರಿಗೆ ಸಂಸ್ಥೆ ಮುಳುಗಿಹೋಗದು. ಭಾನುವಾರಕ್ಕೊಂದು ಅಣ್ಣಿಗೇರಿ–ನವಲಗುಂದ ಬಸ್ಸು, ಇನ್ನೊಂದು ಬೆಂಗೇರಿ–ಕುಂದಗೋಳ ಬಸ್ಸು, ದಿನದ ಪಾಸು ಕೊಟ್ಟು ಆರು ತಿಂಗಳು ಓಡಿಸಿ ನೋಡಬಹುದು. ಜನ ಹತ್ತದಿದ್ದರೆ ನಿಲ್ಲಿಸಿದರಾಯಿತು. ಕಾರಂಜಿಯಂತೆ ಕೆಟ್ಟರೂ ಅಲ್ಲೇ ನಿಲ್ಲಬೇಕಾದ ವಸ್ತು ಅದಲ್ಲವಲ್ಲ.

1962ರಲ್ಲಿ ಒಂದಾದ ಪಾಲಿಕೆಯನ್ನು ಒಡೆದು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿತು. ಧಾರವಾಡದವರ ಬಹುಕಾಲದ ಬೇಡಿಕೆ ಅದು, ನ್ಯಾಯವೂ ಇದೆ. ಇಂಥ ವಿಭಜನೆಯಲ್ಲಿ ಆಸ್ತಿ, ಸಾಲ, ಸಿಬ್ಬಂದಿ, ಕಸದ ಗಾಡಿ ಹಂಚಿಕೊಳ್ಳುವ ಮಾತು ಬೇಗ ಬರುತ್ತದೆ. ರಂಗಮಂದಿರದ ಬಾಡಿಗೆಯನ್ನು ಹವ್ಯಾಸಿ ತಂಡಕ್ಕೆ ಎಷ್ಟಕ್ಕೆ ಇಳಿಸಬೇಕು, ಎರಡೂ ಊರಿನ ಕಾರ್ಯಕ್ರಮಪಟ್ಟಿಯನ್ನು ಯಾರು ಒಟ್ಟು ಮಾಡಬೇಕು, ರಾತ್ರಿ ಬಸ್ಸಿನ ನಷ್ಟದಲ್ಲಿ ಯಾರ ಪಾಲು ಎಷ್ಟು ಎಂಬುದನ್ನೂ ಅದೇ ಮೇಜಿನ ಮೇಲೆ, ಮೊದಲ ಬಜೆಟ್ಟಿಗೆ ಮುಂಚೆಯೇ ಬರೆದಿಡಬೇಕು.